ಎಸ್‌ಒ-50 ಕೇಳಸ್ತೈತಿ, ಆದ್ರ ನಾ ಕರದ್ರ ಯಾರೂ ಓ ಅನ್ನವಲ್ರು

ಉಣಕಲ್ ಮಾಳಗಿ
ನಮಸ್ಕಾರ್ರೀ. ಹ್ಯಾಮ್ (ಹವ್ಯಾಸಿ) ರೇಡಿಯೋ ಲೈಸೆನ್ಸ್ ಕೈಗೆ ಬಂದು ನಾಕು ತಿಂಗಳಾತು. ಎಸ್‌ಒ-50 ಅಂದ್ರ ನಮ್ಮ ದನಿ ಹಿಡದು ತಿರುಗಿ ಕೆಳಗ ಕಳಸೋ ಹ್ಯಾಮ್ ಉಪಗ್ರಹ. 5 ವಾಟಿನ ಯುವಿ-5ಆರ್ ಹ್ಯಾಂಡಿ (ಕೈಯಾಗ ಹಿಡಿಯೋ ಸೆಟ್) ಐತಿ. ಆಂಟೆನಾ ನಾನ ಮಾಡೇನಿ: ವೈರಿಂಗ್ ಪೈಪಿಗೆ ಅಳತಿ ಟೇಪ್ ಕತ್ತರಿಸಿ ಬಿಗದು, ಕಳಸೋ 2 ಮೀಟರ್ ಬ್ಯಾಂಡಿಗೆ ಮೂರು ಕಡ್ಡಿ, ಅಡ್ಡಕ್ಕ ಕೇಳೋ 70 ಸೆಂಟಿಮೀಟರ್ ಬ್ಯಾಂಡಿಗೆ ಐದು. (ಟೇಪ್ ಅಪ್ಪನ ಪೆಟಗ್ಯಾಗಿಂದು. ಅವರಿಗಿನ್ನೂ ಗೊತ್ತಿಲ್ಲ.)

ಪಾಸ್ ಬಂದಾಗ (ಉಪಗ್ರಹ ನಮ್ಮ ಆಕಾಶದಾಗ ಹಾದು ಹೋಗುವಾಗ) 436.795 ಮೆಗಾಹರ್ಟ್ಜ್ ಸುತ್ತಮುತ್ತ ಚೊಲೋ ಕೇಳಸ್ತೈತಿ, ಕೊಲ್ಲಿ ದೇಶದ ಮಂದಿ, ಥೈಲ್ಯಾಂಡ್ ಮಂದಿ ಎಲ್ಲಾ. ನಾ 145.850ರಾಗ ಎಷ್ಟ ಕರದ್ರೂ ಉತ್ತರ ಇಲ್ಲ. ಮೂರು ವಾರ ಆತು. ನೃಪತುಂಗ ಬೆಟ್ಟಾನೂ ಹತ್ತಿ ನೋಡಿದೆ. ವಾಕಿಂಗ್ ಬಂದಾವ್ರು ಮೀನು ಹಿಡಿಯೋ ಸಾಮಾನ ಅಂದ್ಕೊಂಡ್ರು, ಅಷ್ಟ ಬಂದ ಲಾಭ. ದನಿ ಜೋಡಿ ಕಳಸಬೇಕಾದ 67 ಹರ್ಟ್ಜ್ ಟೋನ್ ಹಾಕೇನಿ. ನನ್ನ ದನಿ ವಾಪಸ್ ಬರ್ತೈತೇನು ನೋಡಾಕ ನೀರಿನ ಟಾಕಿ ಮ್ಯಾಲ ಲ್ಯಾಪ್‌ಟಾಪ್, ಎಸ್‌ಡಿಆರ್ ಡಾಂಗಲ್ (ಲ್ಯಾಪ್‌ಟಾಪಿಗೆ ಚುಚ್ಚೋ ರೇಡಿಯೋ ರಿಸೀವರ್) ಇಟ್ಟೆ. ಪಿಟಿಟಿ (ಮಾತಾಡೋ ಗುಂಡಿ) ಒತ್ತಿದ ಕೂಡಲೆ ಪರದೆ ಮ್ಯಾಲಿನ ಉಪಗ್ರಹದ ಗೆರಿ ಮಾಯ! ಅಂದ್ರ ನಂದು ಮ್ಯಾಲ ಮುಟ್ಟವಲ್ದು, ಹೌದಲ್ರಿ?

ಧಾರವಾಡ 70 ಸೆಂಮೀ
ಹ್ಯಾಂಡಿಲೆ ಆಗಂಗಿಲ್ಲ ಬಿಡ್ರಿ. ಗಾಡ್ಯಾಗ ಕೂಡಸೋ 50 ವಾಟಿನ ಮೊಬೈಲ್ ಸೆಟ್ ತಗೊಳ್ರಿ.

ಹಾವೇರಿ ಎರಿಯಲ್
50 ವಾಟ್ ಬೇಡವೇ ಬೇಡ. ಎಸ್‌ಒ-50 ಹಾರಿದ್ದು 2002ರ ಡಿಸೆಂಬರ್‌ನಲ್ಲಿ. ಅದು ಕೆಳಗೆ ಕಳಿಸುವುದೇ ಕಾಲು ವಾಟ್, ನಾವು ಕೇಳುತ್ತಿಲ್ಲವೇ? ಎಫ್‌ಎಂ ಉಪಗ್ರಹದಲ್ಲಿ ಒಂದು ಸಲಕ್ಕೆ ಒಬ್ಬರದೇ ದನಿ. ಜೋರಿನವರು ಬಂದರೆ ಉಳಿದವರು ಅಡಗಿಹೋಗುತ್ತಾರೆ. ಇದ್ದ ಸೆಟ್‌ನಲ್ಲೇ ನೋಡಿ: ಟೋನ್ ಮೆನು 13ರಲ್ಲಿ ಇದೆಯೋ 11ರಲ್ಲೋ? 13 ಕಳಿಸುವುದಕ್ಕೆ, 11 ಕೇಳುವುದಕ್ಕೆ.

ಉಣಕಲ್ ಮಾಳಗಿ
13ರಾಗ ಐತ್ರಿ ಸರ್, 67.0. ಕಣ್ಣಾರೆ ನೋಡೇನಿ.

ಗದಗ ತಂತಿ
ತಮ್ಮಾ, ಡಾಂಗಲ್ ಸಾಕ್ಷಿ ನಂಬಬ್ಯಾಡ. ಎರಡು ಮಾರು ದೂರದಾಗ 5 ವಾಟ್ ಒದರಿದ್ರ ಅದು ಕಿವುಡಾಗೋದ. ಮ್ಯಾಲಾಗಿ 145.850ರ ಮೂರು ಪಟ್ಟು 437.550. ಆ ಮೂರನೇ ಹಾರ್ಮೋನಿಕ್ (ಮೂರು ಪಟ್ಟಿನ ಮ್ಯಾಲ ಏಳೋ ಬ್ಯಾಡಾದ ಸಿಗ್ನಲ್) ಬೀಳೋದು ಡೌನ್‌ಲಿಂಕಿನ (ಉಪಗ್ರಹ ಕೆಳಗ ಕಳಸೋ ಸಿಗ್ನಲಿನ) ಮಗ್ಗಲಾಗ. ಗೆರಿ ಅಳಿಸಿದ್ದು ನಿಮ್ಮ ಮಾಳಗಿ ಮ್ಯಾಲ, ಆಕಾಶದಾಗ ಏನಾತು ಅಂತ ಅದಕ್ಕೇನ್ ಗೊತ್ತು?

ಹುಬ್ಬಳ್ಳಿ-ಗದಗ ಅಂದ್ರ ಉಪಗ್ರಹಕ್ಕ ಒಂದ ಅಂಗಳ ಇದ್ದಂಗ. ರವಿವಾರ ಸಂಜಿ ಪಾಸಿನಾಗ ನೀ ಕರಿ, ನಾ ಬರೇ ಕೇಳ್ತೇನಿ. ಚಾನೆಲ್ ಬದ್ಲಿ ಮಾಡಿದಾಗೊಮ್ಮೆ ಟೈಮ್ ಬರಕೋ.

ಗದಗ ತಂತಿ (ರವಿವಾರ ರಾತ್ರಿ)
ರೆಕಾರ್ಡಿಂಗ್ ಎರಡು ಸಲ ಕೇಳಿದೆ. ಮೊದಲಿನ ಐದು ನಿಮಿಷ ನಿನ್ನ ಸುದ್ದಿನ ಇಲ್ಲ. ನಡುವ, ಉಪಗ್ರಹ ನೆತ್ತಿ ಮ್ಯಾಲ ಬಂದಾಗ, ನಿನ್ನ ಕಾಲ್‌ಸೈನ್ (ಲೈಸೆನ್ಸಿನ ಕರೆಹೆಸರು) ಖಣಖಣ ಬಂತು. ಹಿಂದ ಕುಕ್ಕರ್ ಸೀಟಿನೂ ಕೇಳ್ತು. ಆಮ್ಯಾಲ ಮತ್ತ ಇಲ್ಲ. ಆಗ ಯಾವ ಚಾನೆಲ್?

ಉಣಕಲ್ ಮಾಳಗಿ
ಮೂರನೇದು, 436.795. ಡಾಪ್ಲರ್ (ಉಪಗ್ರಹ ಓಡಿದಂಗ ಕೇಳೋ ಫ್ರೀಕ್ವೆನ್ಸಿ ಸರಿಯೋದು) ಸಲುವಾಗಿ ಐದು ಚಾನೆಲ್ ಇಟ್ಟೇನಿ, 436ರ ಮುಂದಿನ ಅಂಕಿ: 805, 800, 795, 790, 785. ಕಳಸೋದು ಎಲ್ಲಾದ್ರಾಗೂ 145.850ನ.

ಹಾವೇರಿ ಎರಿಯಲ್
ಹಾಗಾದರೆ ಆಂಟೆನಾ, ಪವರ್ ಎರಡೂ ಸರಿ ಇವೆ. ಐದೂ ಚಾನೆಲ್‌ಗಳ ಟೋನ್ ಒಂದೊಂದಾಗಿ ನೋಡಿ. ಟೋನ್ ಇಲ್ಲದ ದನಿಯನ್ನು ಅದು ತಿರುಗಿಸಿ ಕಳಿಸುವುದಿಲ್ಲ.

ಉಣಕಲ್ ಮಾಳಗಿ
ಚಿರ್ಪ್‌ನಾಗ (ಸೆಟ್ಟಿಗೆ ಚಾನೆಲ್ ತುಂಬೋ ಸಾಫ್ಟ್‌ವೇರ್) ತಗದು ನೋಡಿದೆ. ಮೂರನೇ ಸಾಲಿನಾಗ ಅಷ್ಟ ಟೋನ್ ಐತಿ, ಉಳಿದ ನಾಕೂ ಖಾಲಿ! ಮೊದಲ ಮಾಡಿದ್ದು ಅದೊಂದ ಚಾನೆಲ್. ಡಾಪ್ಲರ್ ಗೊತ್ತಾದ ಮ್ಯಾಲ ನಾಕು ಸೇರಿಸಿದೆ, ಟೋನ್ ಮರ್ತೆ. ಮೆನು 13 ನೋಡಿದ್ದೂ ಆ ನಡುವಿನ ಚಾನೆಲ್ ಮ್ಯಾಲ ನಿಂತ.

ಗದಗ ತಂತಿ
ನೆತ್ತಿ ಮ್ಯಾಲಿನ ಪಾಸಿನಾಗ ಆ ನಡುವಿನ ಚಾನೆಲ್ ಒಂದು ನಿಮಿಷಾನೂ ಬಾಳಂಗಿಲ್ಲ, ಡಾಪ್ಲರ್ ಭಾಳ ಗಡಬಡಿಲೆ ಓಡೋದು ಅಲ್ಲೆ. ಗದ್ದಲಾನೂ ಆಗ ಹೆಚ್ಚು. ಅಷ್ಟ್ರಾಗ ನಿನಗ ಯಾರು ಉತ್ತರ ಕೊಡಬೇಕು? ಐದಕ್ಕೂ ಟೋನ್ ಹಾಕು. ಅಲ್ಲೇ ಇನ್ನೊಂದು ಚಾನೆಲ್ 74.4ರದ್ದೂ ಇಟ್ಕೋ. ಉಪಗ್ರಹ ಸುಮ್ಮನ ಇದ್ರ ಆ ಟೋನಿನಾಗ ಎರಡು ಸೆಕೆಂಡ್ ಒತ್ತಿದ್ರ ಹತ್ತು ನಿಮಿಷ ಎಚ್ಚರ ಆಗ್ತೈತಿ. ಡಾಂಗಲ್ ಬೇಕ ಅಂದ್ರ ಅದರ ಮುಂದ 145 ತಡಿಯೋ ಹೈಪಾಸ್ ಫಿಲ್ಟರ್ ಹಾಕು, ಇಲ್ಲಾ ಓಣಿಯಾಚೆ ಗೆಳ್ಯಾನ ಮನ್ಯಾಗ ಇಡು.

ಉಣಕಲ್ ಮಾಳಗಿ (ಬುಧವಾರ)
ಆತ್ರೀ! ಉಪಗ್ರಹ ಇನ್ನೂ ಕೆಳಗ ಇದ್ದಾಗನ, 436.800ರ ಮ್ಯಾಲ, ಬಂಗಾಳ ಕಡಿ ಒಬ್ಬರು ನನ್ನ ಕಾಲ್‌ಸೈನ್ ತಿರುಗಿ ಹೇಳಿದ್ರು. ಕೈ ನಡುಗಿ ಆಂಟೆನಾ ಟಾಕಿಗೆ ಬಡಿದು ಒಂದು ಕಡ್ಡಿ ಡೊಂಕಾತು. ಗ್ರಿಡ್ (ಹ್ಯಾಮ್ ಮಂದಿ ಕೂಡಿಸೋ ಭೂಪಟದ ಚೌಕ) ಎಂಕೆ75 ಅಂತ ಹೇಳೋದ್ರಾಗ ಬಾಯಿ ಒಣಗಿತ್ತು. ಗದಗ ಅಣ್ಣಾ, ನಿಮ್ಮನ್ನೂ ಕರದೆ, ಕೇಳ್ತೇನು?

ಗದಗ ತಂತಿ
ಕೇಳ್ತು. ಬೇಕಂತ ಸುಮ್ಮನಿದ್ದೆ. ಗದಗೂ ಎಂಕೆ75ನ, ನಿನಗ ಹೊಸ ಗ್ರಿಡ್ ಸಿಗಂಗಿಲ್ಲ.

ಹಾವೇರಿ ಎರಿಯಲ್
ನಮ್ಮದು ಎಂಕೆ74. ನಾಳೆ ಸಂಜೆ ಪಾಸ್‌ಗೆ ಬನ್ನಿ. ಡೊಂಕಾದ ಕಡ್ಡಿ ನೆಟ್ಟಗೆ ಮಾಡಿಕೊಂಡು.