ನವೆಂಬರ್ 29, 2021: ಚರ್ಚೆಯೇ ಇಲ್ಲದೆ ಕೃಷಿ ಕಾಯ್ದೆ ರದ್ದು. ಸರಿನಾ, ತಪ್ಪಾ?

ಪಿಯು ಮೇಷ್ಟ್ರು
ನಾನು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಮಸೂದೆ ಹೇಗೆ ಕಾಯ್ದೆ ಆಗುತ್ತದೆ ಅಂತ ಹೇಳುತ್ತಾ ಮೊದಲ ವಾಚನ, ಎರಡನೇ ವಾಚನ, ಮೂರನೇ ವಾಚನ ಎಂದು ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, ಮೂರು ಕೃಷಿ ಕಾಯ್ದೆ ವಾಪಸ್ ತಗೊಂಡ ದಿನ ಇದೆಲ್ಲ ಎಷ್ಟು ಹೊತ್ತಿನಲ್ಲಿ ಮುಗೀತು?" ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ.

ಆ ದಿನ ಆದದ್ದು ಇಷ್ಟು. ಸೋಮವಾರ, ಚಳಿಗಾಲದ ಅಧಿವೇಶನದ ಮೊದಲ ದಿನ. ಬೆಳಿಗ್ಗೆ ಪ್ರಧಾನಿ ಸಂಸತ್ತಿನ ಹೊರಗೆ ನಿಂತು, ಸರ್ಕಾರ ಎಲ್ಲ ವಿಷಯದ ಚರ್ಚೆಗೂ ಸಿದ್ಧ ಎಂದರು. ರಾಜ್ಯಸಭೆ ನಮ್ಮ ಆಸ್ಕರ್ ಫರ್ನಾಂಡಿಸ್ ಅವರಿಗೆ ಸಂತಾಪ ಸೂಚಿಸಿತು. 12 ಗಂಟೆ ದಾಟಿದ ಮೇಲೆ ಕೃಷಿ ಸಚಿವ ನರೇಂದ್ರ ಸಿಂಗ್ ತೋಮರ್ ಲೋಕಸಭೆಯಲ್ಲಿ 2020ರ ಮೂರು ಕೃಷಿ ಕಾಯ್ದೆಗಳ ರದ್ದತಿ ಮಸೂದೆ ತಂದರು. ಗದ್ದಲದ ನಡುವೆ ಕೆಲವೇ ನಿಮಿಷದಲ್ಲಿ ಧ್ವನಿಮತದಿಂದ ಪಾಸ್. ಮಧ್ಯಾಹ್ನ ರಾಜ್ಯಸಭೆಯಲ್ಲೂ ಹಾಗೇ. ಅಲ್ಲಿ ವಿರೋಧ ಪಕ್ಷದ ನಾಯಕ ಖರ್ಗೆಯವರಿಗೆ ಒಂದೆರಡು ಮಾತಾಡಲು ಬಿಟ್ಟರು, ಅಷ್ಟೇ. ಅದೇ ದಿನ ರಾಜ್ಯಸಭೆಯ 12 ಸದಸ್ಯರ ಅಮಾನತೂ ಆಯಿತು.

ನನ್ನ ಮಾತು ಇದು: ರದ್ದು ಮಾಡಿದ್ದು ಸರಿ, ಮಾಡಿದ ರೀತಿ ತಪ್ಪು. ಒಂದು ವರ್ಷ ದೆಹಲಿಯ ಗಡಿಯಲ್ಲಿ ರೈತರು ಕೂತ ವಿಷಯಕ್ಕೆ ಸಂಸತ್ತು ಒಂದು ಗಂಟೆ ಕೊಡಲಿಲ್ಲ.

ತುಂಗಾತೀರ
ಮೇಷ್ಟ್ರೇ, ಎರಡೂ ಕಡೆಯವರು ಒಪ್ಪಿದ ಮೇಲೆ ಚರ್ಚೆಗೆ ಏನಿದೆ? ಒಂದು ವರ್ಷದಿಂದ ವಿರೋಧ ಪಕ್ಷಗಳು ಕೇಳಿದ್ದು ಒಂದೇ, ಮೂರೂ ಕಾಯ್ದೆ ವಾಪಸ್ ತಗೊಳ್ಳಿ ಅಂತ. ನವೆಂಬರ್ 19ಕ್ಕೆ, ಗುರುನಾನಕ್ ಜಯಂತಿಯ ದಿನ, ಪ್ರಧಾನಿ ಒಪ್ಪಿದರು. ಹತ್ತೇ ದಿನಕ್ಕೆ ಮಸೂದೆ ಬಂತು. ಕೇಳಿದ್ದು ಸಿಕ್ಕ ಮೇಲೂ ಕೂಗಾಡಿದ್ದು ಯಾರು? ಸದನ ಶಾಂತವಾಗಿದ್ದರೆ ಚರ್ಚೆಗೆ ಬಿಡುತ್ತೇನೆ ಅಂತ ಸ್ಪೀಕರ್ ಓಂ ಬಿರ್ಲಾ ಹೇಳಿದ್ದರು. ಜಾಗದಲ್ಲಿ ಕೂತಿದ್ದರೆ ಚರ್ಚೆ ಆಗುತ್ತಿತ್ತು.

ಬಳ್ಳಾರಿ ಬಿಸಿಲು
"ಎರಡೂ ಕಡೆಯವರು ಒಪ್ಪಿದ ಮೇಲೆ" ಅಂದ್ರಲ್ಲ, ಅದಕ್ಕೇ ಉತ್ತರ ಕೊಡುತ್ತೇನೆ. ಅದೇ ವರ್ಷದ ಆಗಸ್ಟ್‌ನಲ್ಲಿ 127ನೇ ತಿದ್ದುಪಡಿ ಮಸೂದೆ ಬಂತು. ಹಿಂದುಳಿದ ವರ್ಗಗಳ ಪಟ್ಟಿ ಮಾಡುವ ಅಧಿಕಾರ ರಾಜ್ಯಗಳಿಗೆ ಮತ್ತೆ ಸಿಗುವ ಮಸೂದೆ. ಲೋಕಸಭೆಯಲ್ಲಿ ಪರವಾಗಿ 385 ಮತ, ವಿರುದ್ಧ ಒಂದೂ ಇಲ್ಲ. ರಾಜ್ಯಸಭೆಯಲ್ಲಿ 187, ಅಲ್ಲೂ ವಿರುದ್ಧ ಒಂದೂ ಇಲ್ಲ. ಆದರೂ ಗಂಟೆಗಟ್ಟಲೆ ಚರ್ಚೆ ಆಯಿತು. ಎಲ್ಲರೂ ಒಪ್ಪಿದ್ದಕ್ಕೆ ಚರ್ಚೆ ಬೇಡ ಅನ್ನುವ ನಿಯಮ ನವೆಂಬರ್‌ನಲ್ಲಿ ಎಲ್ಲಿಂದ ಬಂತು?

ತುಂಗಾತೀರ
127ನೆಯದು ಸಂವಿಧಾನ ತಿದ್ದುಪಡಿ ಸರ್. ಅದಕ್ಕೆ ವಿಶೇಷ ಬಹುಮತ ಬೇಕು, ತಲೆ ಎಣಿಸಲೇಬೇಕು. ರದ್ದತಿ ಮಸೂದೆಗೆ ಸಾಮಾನ್ಯ ಬಹುಮತ ಸಾಕು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಬಳ್ಳಾರಿ ಬಿಸಿಲು
ನಾನು ಕೇಳಿದ್ದು ಚರ್ಚೆಯ ಬಗ್ಗೆ. ನೀವು ಉತ್ತರ ಕೊಟ್ಟಿದ್ದು ಮತದ ಬಗ್ಗೆ. ಓದುವವರಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಹೊನ್ನಾಳಿ ಹೊಲ
"ಚರ್ಚೆಗೆ ಏನಿದೆ" ಅಂತ ಕೇಳಿದವರಿಗೆ ಒಬ್ಬ ರೈತನ ಮಗ ಹೇಳುತ್ತೇನೆ. 2020ರಲ್ಲಿ ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 1,850 ರೂಪಾಯಿ ಅಂತ ಕೇಂದ್ರ ಹೇಳಿತ್ತು. ನಮ್ಮಪ್ಪ 1,300ಕ್ಕೆ ಕೊಟ್ಟು ಬಂದರು. ಖರೀದಿ ಕೇಂದ್ರ ತೆರೆಯುವವರೆಗೆ ಕಾಯಲು ನಮಗೆ ಗೋದಾಮೂ ಇರಲಿಲ್ಲ, ಸಾಲದವರು ಬಿಡುತ್ತಲೂ ಇರಲಿಲ್ಲ. ಬೆಂಬಲ ಬೆಲೆಗೆ ಕಾನೂನಿನ ಗ್ಯಾರಂಟಿ ಬೇಕು ಅಂತ ಆ ದಿನ ಯಾರಾದರೂ ಸದನದಲ್ಲಿ ನಿಂತು ಕೇಳಬೇಕಿತ್ತು, ಸಚಿವರು ಅದಕ್ಕೆ ಉತ್ತರ ಕೊಡಬೇಕಿತ್ತು. ಇದೇ ಸ್ವಾಮಿ ಚರ್ಚೆ.

ಇನ್ನೊಂದು. ಆ ಮಸೂದೆಯ ಜತೆ ಇದ್ದ ಉದ್ದೇಶ ಮತ್ತು ಕಾರಣಗಳ ಹೇಳಿಕೆ ಓದಿ. ಪ್ರತಿಭಟಿಸುತ್ತಿರುವುದು ರೈತರ ಒಂದು ಗುಂಪು ಮಾತ್ರ ಅನ್ನುವ ಅರ್ಥದ ಮಾತು ಅದರಲ್ಲಿದೆ. ಅದು ದಾಖಲೆಯಲ್ಲಿ ಉಳಿಯಿತು. ಅದನ್ನು ಪ್ರಶ್ನಿಸುವ ಒಂದೇ ಒಂದು ಭಾಷಣಕ್ಕೂ ಜಾಗ ಸಿಗಲಿಲ್ಲ.

ತುಂಗಾತೀರ
ಹೊನ್ನಾಳಿ ಅಣ್ಣ, ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ಬೆಂಬಲ ಬೆಲೆ ಬೇರೆ ವಿಷಯ, ಆ ಮಸೂದೆಯಲ್ಲಿ ಅದು ಇರಲಿಲ್ಲ. ಒಂದು ಗುಂಪು ಅಂದಿದ್ದರಲ್ಲೂ ತಪ್ಪೇನು? ಧರಣಿ ಕೂತವರಲ್ಲಿ ಪಂಜಾಬ್, ಹರಿಯಾಣ, ಪಶ್ಚಿಮ ಉತ್ತರ ಪ್ರದೇಶದವರೇ ಜಾಸ್ತಿ. ಕಾಯ್ದೆ ರದ್ದಾದ್ದರಿಂದ ನಮ್ಮ ಕಡೆಯವರಿಗೆ ನಷ್ಟವೇ ಆಯಿತು. ಇಲ್ಲೂ ಹಳೇ ಎಪಿಎಂಸಿ ವ್ಯವಸ್ಥೆಗೆ ವಾಪಸ್ ಹೋದೆವು.

ಕೋರ್ಟು ಕಟ್ಟೆ
ಕೊನೆಯ ಸಾಲು ತಪ್ಪು. ಕರ್ನಾಟಕ 2020ರಲ್ಲಿ ತನ್ನದೇ ಎಪಿಎಂಸಿ ಕಾಯ್ದೆಗೆ ಬೇರೆ ತಿದ್ದುಪಡಿ ಮಾಡಿತ್ತು. ಕೇಂದ್ರ ತನ್ನ ಮೂರು ಕಾಯ್ದೆ ರದ್ದು ಮಾಡಿದ ಮಾತ್ರಕ್ಕೆ ನಮ್ಮ ತಿದ್ದುಪಡಿ ಬೀಳಲಿಲ್ಲ. ಆ ದಿನದ ನಂತರವೂ ಅದು ಜಾರಿಯಲ್ಲೇ ಇತ್ತು.

ಆದರೆ ನಾನು ಬಂದದ್ದು ಮೇಷ್ಟ್ರು ಒಂದೇ ಸಾಲಿನಲ್ಲಿ ಮುಗಿಸಿದ 12 ಜನರ ವಿಷಯಕ್ಕೆ. ಆ ದಿನದ ದೊಡ್ಡ ತಪ್ಪು ಅದು. ಗಲಾಟೆ ಆದದ್ದು ಆಗಸ್ಟ್ 11ಕ್ಕೆ, ರಾಜ್ಯಸಭೆಯ 254ನೇ ಅಧಿವೇಶನದ ಕೊನೆಯ ದಿನ. ಸಾಮಾನ್ಯ ವಿಮೆಯ ಮಸೂದೆ ಬಂದಾಗ ಸದನದ ಭದ್ರತಾ ಸಿಬ್ಬಂದಿಯಾದ ಮಾರ್ಷಲ್‌ಗಳ ಜತೆ ತಳ್ಳಾಟ ನಡೆಯಿತು. ಅಮಾನತು ಆದದ್ದು ನವೆಂಬರ್ 29ಕ್ಕೆ, 255ನೇ ಅಧಿವೇಶನದಲ್ಲಿ. ಮಧ್ಯೆ ಮೂರೂವರೆ ತಿಂಗಳು. ರಾಜ್ಯಸಭೆಯ ನಿಯಮ 256 ಏನು ಹೇಳುತ್ತದೆ? ಸಭಾಪತಿ ಒಬ್ಬ ಸದಸ್ಯರನ್ನು ಹೆಸರಿಸಿದರೆ, ಅಮಾನತಿನ ಪ್ರಸ್ತಾವವನ್ನು "ಕೂಡಲೇ" ಮತಕ್ಕೆ ಹಾಕಬೇಕು. ಶಿಕ್ಷೆ ಹೆಚ್ಚೆಂದರೆ ಆ ಅಧಿವೇಶನ ಮುಗಿಯುವವರೆಗೆ. ಕೂಡಲೇ ಅಂದರೆ ಮೂರೂವರೆ ತಿಂಗಳಾ?

ತುಂಗಾತೀರ
"ಕೂಡಲೇ" ಎಲ್ಲಿದೆ ಅಂತ ಸರಿಯಾಗಿ ಓದಿ ವಕೀಲರೇ. ಹೆಸರಿಸಿದ ಮೇಲೆ ಕೂಡಲೇ ಮತಕ್ಕೆ ಹಾಕಬೇಕು. ಗಲಾಟೆ ಆದ ಕೂಡಲೇ ಅಂತ ಇಲ್ಲ. ಆಗಿನ ಸಂಸದೀಯ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿಯವರು ಪ್ರಸ್ತಾವ ತಂದರು, ಸದನ ಆಗಲೇ ಒಪ್ಪಿತು. ಇದರಲ್ಲಿ ಯಾವ ನಿಯಮ ಮುರಿಯಿತು?

ಕೋರ್ಟು ಕಟ್ಟೆ
ಹಾಗೆ ಓದಿದರೆ ಐದು ವರ್ಷದ ಹಿಂದಿನ ಗಲಾಟೆಗೂ ಇವತ್ತು ಹೆಸರಿಸಿ ಅಮಾನತು ಮಾಡಬಹುದು. ಆ ನಿಯಮ ಇರುವುದು ಕಲಾಪಕ್ಕೆ ಅಡ್ಡಿ ಮಾಡುತ್ತಿರುವವರನ್ನು ಹೊರಗೆ ಕಳಿಸಿ ಕೆಲಸ ಮುಂದುವರಿಸುವುದಕ್ಕೆ. ನವೆಂಬರ್ 29ರ ಯಾವ ಅಡ್ಡಿಗೂ ಆ ಪ್ರಸ್ತಾವ ಬರಲಿಲ್ಲ. ಸುಪ್ರೀಂ ಕೋರ್ಟ್ 2022ರ ಜನವರಿ 28ಕ್ಕೆ ಮಹಾರಾಷ್ಟ್ರದ 12 ಬಿಜೆಪಿ ಶಾಸಕರ ಪ್ರಕರಣದಲ್ಲಿ ಇದನ್ನೇ ಹೇಳಿತು. ಆಶಿಶ್ ಶೇಲಾರ್ ಪ್ರಕರಣ. ಒಂದು ವರ್ಷದ ಅಮಾನತು ಅಸಾಂವಿಧಾನಿಕ, ಅಧಿವೇಶನ ದಾಟಬಾರದು ಅಂತ.

ತುಂಗಾತೀರ
"ಅಧಿವೇಶನ ದಾಟಬಾರದು." ಧನ್ಯವಾದ, ನೀವೇ ಹೇಳಿದಿರಿ. ಈ 12 ಜನರ ಅಮಾನತು 255ನೇ ಅಧಿವೇಶನ ಮುಗಿಯುವವರೆಗೆ ಮಾತ್ರ. ದಾಟಲಿಲ್ಲ. ಡಿಸೆಂಬರ್ 22ಕ್ಕೆ ಅಧಿವೇಶನ ಮುಗಿಯಿತು, ಅಮಾನತೂ ಮುಗಿಯಿತು. ನೀವು ತಂದ ತೀರ್ಪು ನಮ್ಮ ಪರವಾಗಿದೆ.

ಕೋರ್ಟು ಕಟ್ಟೆ
ತೀರ್ಪಿನ ಒಂದು ಸಾಲು ಹಿಡಿದುಕೊಂಡು ಕಾರಣ ಬಿಡುತ್ತೀರಿ. ಅಮಾನತು ಇರುವುದು ಸದನದಲ್ಲಿ ಶಿಸ್ತು ತರುವುದಕ್ಕೆ, ಸೇಡಿಗಲ್ಲ. ಆ ತೀರ್ಪಿನ ಜೀವ ಅಲ್ಲಿದೆ.

ಬಳ್ಳಾರಿ ಬಿಸಿಲು
ಆ 12 ಜನರಲ್ಲಿ ನಮ್ಮ ಊರಿನ ಸೈಯದ್ ನಾಸಿರ್ ಹುಸೇನ್ ಇದ್ದರು. 2020ರ ಸೆಪ್ಟೆಂಬರ್ 21ಕ್ಕೆ ಅಮಾನತಾದ 8 ಜನರಲ್ಲೂ ಅವರೇ. ಮೊದಲ ಸಲದ್ದು ಕೃಷಿ ಕಾಯ್ದೆಯ ಗಲಾಟೆ, ಎರಡನೆಯದು ವಿಮೆ ಮಸೂದೆಯದು. ಕೃಷಿ ಕಾಯ್ದೆ ತರುವಾಗ ವಿರೋಧಿಸಿದ್ದಕ್ಕೆ ಹೊರಗೆ, ಅದನ್ನು ತೆಗೆದ ದಿನವೂ ಹೊರಗೆ. ಕರ್ನಾಟಕದಿಂದ ಆರಿಸಿ ಕಳಿಸಿದ ಒಬ್ಬ ಸದಸ್ಯ ಇಡೀ ಚಳಿಗಾಲ ಗಾಂಧಿ ಪ್ರತಿಮೆಯ ಹತ್ತಿರ ಧರಣಿ ಕೂರಬೇಕಾಯಿತು. ನನಗೆ ಇದು ನಿಜವಾಗಿಯೂ ನೋವಿನ ವಿಷಯ.

ತುಂಗಾತೀರ
"ವಿರೋಧಿಸಿದ್ದಕ್ಕೆ" ಅಲ್ಲ. ವಿರೋಧಿಸಿದವರು ನೂರಾರು ಜನ, ಅಮಾನತು ಆದವರು ಬೆರಳೆಣಿಕೆ. ಭದ್ರತಾ ಸಿಬ್ಬಂದಿಯ ಮೇಲೆ ಕೈ ಮಾಡಿದ್ದಕ್ಕೆ ಅಂತ ಪ್ರಸ್ತಾವದಲ್ಲೇ ಹೇಳಿದ್ದಾರೆ. ಆಗಸ್ಟ್ 11ಕ್ಕೆ ಆಗಿನ ಸಭಾಪತಿ ವೆಂಕಯ್ಯ ನಾಯ್ಡು ಅವರು ಪೀಠದಲ್ಲೇ ಕಣ್ಣೀರು ಹಾಕಿದರು. ಅದು ನಿಮಗೆ ನೋವಿನ ವಿಷಯ ಅಲ್ವಾ? ಕ್ಷಮೆ ಕೇಳಿ ಅಂತ ಹೇಳಿದರೂ ಕೇಳಲಿಲ್ಲ.

ಬಳ್ಳಾರಿ ಬಿಸಿಲು
ಮಾಡದ ತಪ್ಪಿಗೆ ಕ್ಷಮೆ ಯಾಕೆ ಕೇಳಬೇಕು? ಹೊರಗಿನವರನ್ನು ಮಾರ್ಷಲ್ ಮಾಡಿ ತಂದರು ಅಂತ ವಿರೋಧ ಪಕ್ಷದವರು ಆಗಲೇ ದೂರಿದ್ದರು. ಒಂದು ಕಡೆಯ ಮಾತನ್ನೇ ತೀರ್ಪು ಅಂತ ಇಲ್ಲಿ ಬರೆಯಬೇಡಿ.

ತುಂಗಾತೀರ
ಒಂದು ಕಡೆ ಅಂದರೆ ನಾನು ಒಂದು ಪಕ್ಷದ ಆಳು ಅಂತಾನಾ? ನೇರವಾಗಿ ಹೇಳಿ. ಹತ್ತು ವರ್ಷದಿಂದ ಕಲಾಪ ನೋಡುತ್ತಿದ್ದೇನೆ. ಸಂಸತ್ತಿನ ಮೇಜು ಹತ್ತುವವರನ್ನು ನೋಡಿ ಹೊಟ್ಟೆ ಉರಿಯುತ್ತದೆ, ಅದಕ್ಕೇ ಬರೆಯುತ್ತೇನೆ. ನನಗೆ ಯಾರೂ ದುಡ್ಡು ಕೊಡುತ್ತಿಲ್ಲ.

ಬಳ್ಳಾರಿ ಬಿಸಿಲು
ದುಡ್ಡಿನ ಮಾತು ನಾನು ಎತ್ತಲೇ ಇಲ್ಲ. ನೀವೇ ಎತ್ತಿದ್ದು.

ಸಹ್ಯಾದ್ರಿ ಕಣಿವೆ
ಕಾಂಗ್ರೆಸ್ ಕಾಲ ಎಲ್ಲರೂ ಮರೆತಿರಾ? 1989ರ ಮಾರ್ಚ್ 15ಕ್ಕೆ ಲೋಕಸಭೆಯಿಂದ ಒಂದೇ ದಿನ 63 ಜನರನ್ನು ಅಮಾನತು ಮಾಡಿದ್ದರು, ಇಂದಿರಾ ಗಾಂಧಿ ಹತ್ಯೆಯ ತನಿಖೆ ಮಾಡಿದ ಠಕ್ಕರ್ ಆಯೋಗದ ವರದಿ ಕೇಳಿದ್ದಕ್ಕೆ. 2014ರ ಫೆಬ್ರವರಿ 18ಕ್ಕೆ ತೆಲಂಗಾಣ ಮಸೂದೆ ಲೋಕಸಭೆಯಲ್ಲಿ ಪಾಸಾದಾಗ ಬಾಗಿಲು ಹಾಕಿದ್ದರು, ನೇರ ಪ್ರಸಾರವೂ ನಿಂತಿತ್ತು. 2008ರ ಡಿಸೆಂಬರ್‌ನಲ್ಲಿ ಐಟಿ ಕಾಯ್ದೆಗೆ ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧ ಮಾಡುವ 66ಎ ಕಲಂ ಸೇರಿಸಿದ ತಿದ್ದುಪಡಿಗೂ ಚರ್ಚೆ ಇರಲಿಲ್ಲ. ಆ ಕಲಂ ಅನ್ನು 2015ರಲ್ಲಿ ಸುಪ್ರೀಂ ಕೋರ್ಟ್ ಹೊಡೆದು ಹಾಕಿತು. ಆಗ ಈ ಸಂಕಟ ಎಲ್ಲಿತ್ತು?

ಬಳ್ಳಾರಿ ಬಿಸಿಲು
ತೆಲಂಗಾಣ ಮಸೂದೆಗೆ ಆ ದಿನ ಬಿಜೆಪಿಯೂ ಬೆಂಬಲ ಕೊಟ್ಟಿತ್ತು. 63ಕ್ಕೆ ಬೇಸರ ಪಡುವವರು 2023ರ ಡಿಸೆಂಬರ್ ಯಾಕೆ ಬಿಟ್ಟಿರಿ? ಎರಡೂ ಸದನ ಸೇರಿ 146 ಜನ ಹೊರಗಿದ್ದರು. ಆಗಲೇ ಮೂರು ಕ್ರಿಮಿನಲ್ ಕಾನೂನಿನ ಮಸೂದೆ ಪಾಸಾದವು.

ಸಹ್ಯಾದ್ರಿ ಕಣಿವೆ
ಆಗಲೂ ಸದನದ ಬಾವಿಗಿಳಿದು, ಅಂದರೆ ಪೀಠದ ಮುಂದಿನ ಜಾಗಕ್ಕೆ ನುಗ್ಗಿ, ಫಲಕ ಹಿಡಿದವರನ್ನೇ ಅಮಾನತು ಮಾಡಿದ್ದು.

ಹೊನ್ನಾಳಿ ಹೊಲ
ಬಾವಿಗಿಳಿಯುವುದೇ ಪಾಪ ಅಂದರೆ ಅರುಣ್ ಜೇಟ್ಲಿ ಅವರ ಮಾತು ನೆನಪು ಮಾಡಿಕೊಳ್ಳಿ. 2ಜಿ ತರಂಗಾಂತರ ಹಗರಣದ ಗಲಾಟೆಯಲ್ಲಿ 2010ರ ಚಳಿಗಾಲದ ಅಧಿವೇಶನ ಪೂರ್ತಿ ತೊಳೆದು ಹೋಗಿತ್ತು. ಆಮೇಲೆ ಅವರು, ಸಂಸತ್ತಿಗೆ ಅಡ್ಡಿ ಮಾಡುವುದು ಪ್ರಜಾಪ್ರಭುತ್ವಕ್ಕೆ ವಿರೋಧ ಅಲ್ಲ ಅನ್ನುವ ಅರ್ಥದಲ್ಲಿ ಹೇಳಿದ್ದರು. ಆಗ ಅವರು ರಾಜ್ಯಸಭೆಯ ವಿರೋಧ ಪಕ್ಷದ ನಾಯಕರು.

ತುಂಗಾತೀರ
ಜೇಟ್ಲಿ ಸಿಬ್ಬಂದಿಯ ಮೇಲೆ ಕೈ ಮಾಡಿ ಅಂತ ಹೇಳಲಿಲ್ಲ. 256ಕ್ಕೆ ಬನ್ನಿ. ಆ ಅಧಿಕಾರ ಇದೆಯೋ ಇಲ್ಲವೋ? ಮಾರನೇ ದಿನ ಖರ್ಗೆ ಇದೇ ಪ್ರಶ್ನೆ ಎತ್ತಿದಾಗ ನಾಯ್ಡು ಸ್ಪಷ್ಟವಾಗಿ ಉತ್ತರ ಕೊಟ್ಟರು. ರಾಜ್ಯಸಭೆ ನಿರಂತರ ನಡೆಯುವ ಸದನ, ಅದು ವಿಸರ್ಜನೆ ಆಗುವುದಿಲ್ಲ, ಹಿಂದಿನ ಅಧಿವೇಶನದ ವರ್ತನೆಗೂ ಕ್ರಮ ತಗೊಳ್ಳಬಹುದು ಅಂತ.

ಕೋರ್ಟು ಕಟ್ಟೆ
"ನಿರಂತರ ಸದನ" ಅನ್ನುವುದು ಸದನದ ಆಯುಷ್ಯದ ಮಾತು. ನಿಯಮ ಹೇಳುವುದು ಅಧಿವೇಶನದ ಬಗ್ಗೆ. ಸದನ ನಿರಂತರ, ಅಧಿವೇಶನ ಅಲ್ಲ. ರಾಷ್ಟ್ರಪತಿ ಕರೆದಾಗ ಶುರು, ಮುಕ್ತಾಯ ಘೋಷಿಸಿದಾಗ ಮುಗಿಯಿತು. ಇಷ್ಟಾದರೂ ಒಪ್ಪಿ.

ತುಂಗಾತೀರ
ಅಧಿವೇಶನ ನಿರಂತರ ಅಲ್ಲ, ಅದು ಸರಿ. ಆದರೆ ಅಪರಾಧ ಅಧಿವೇಶನದ ಜತೆ ಸಾಯುವುದಿಲ್ಲ. ಕೊನೆಯ ದಿನ ತಪ್ಪು ಮಾಡಿದವನಿಗೆ ಶಿಕ್ಷೆಯೇ ಇಲ್ಲ ಅಂದರೆ ಪ್ರತಿ ಅಧಿವೇಶನದ ಕೊನೆಯ ದಿನ ಏನು ಬೇಕಾದರೂ ಮಾಡಬಹುದು ಅಂತ ಆಯಿತು.

ಕೋರ್ಟು ಕಟ್ಟೆ
ಕೊನೆಯ ದಿನದ ತಪ್ಪಿಗೆ ಹಕ್ಕುಚ್ಯುತಿ ದೂರು ವಿಚಾರಿಸುವ ಹಕ್ಕುಬಾಧ್ಯತಾ ಸಮಿತಿ ಇದೆ. ಅಲ್ಲಿಗೆ ಕಳಿಸಿ, 12 ಜನರನ್ನೂ ಕರೆಸಿ ಕೇಳಬಹುದಿತ್ತು. ಒಬ್ಬೊಬ್ಬರ ಮಾತನ್ನೂ ಕೇಳದೆ ಧ್ವನಿಮತದಲ್ಲಿ ಮುಗಿಸಿದರು.

ಪಿಯು ಮೇಷ್ಟ್ರು
ಎಲ್ಲರಿಗೂ ಒಂದು ಮನವಿ. ನಾನು ಕೇಳಿದ್ದು ಮಸೂದೆಯ ಬಗ್ಗೆ. ಇಲ್ಲಿ ಎಲ್ಲರೂ 256ರಲ್ಲೇ ಇದ್ದೀರಿ. ಆ ಹುಡುಗಿಗೆ ನಾಳೆ ಏನು ಹೇಳಲಿ?

ಕೋರ್ಟು ಕಟ್ಟೆ
ಪರಿಗಣಿಸುವ ಪ್ರಸ್ತಾವ, ಕಲಂವಾರು ಒಪ್ಪಿಗೆ, ಕೊನೆಯ ಅಂಗೀಕಾರ, ಎಲ್ಲವೂ ಆ ಕೆಲವೇ ನಿಮಿಷದಲ್ಲಿ ಕ್ರಮವಾಗಿ ನಡೆದವು ಅಂತ ಹೇಳಿ. ಲೆಕ್ಕಕ್ಕೆ ಮೂರು ವಾಚನವೂ ಆಗಿದೆ. ಮಾತು ಮಾತ್ರ ಆಗಿಲ್ಲ. ಸಂವಿಧಾನದ 122ನೇ ವಿಧಿ ಇರುವುದರಿಂದ ಕಾರ್ಯವಿಧಾನದ ಲೋಪ ಅಂತ ಕೋರ್ಟಿಗೂ ಹೋಗಲಾಗುವುದಿಲ್ಲ.

ತುಂಗಾತೀರ
ಮೂರು ವಾಚನವೂ ಆಗಿದೆ ಅಂತ ವಕೀಲರೇ ಒಪ್ಪಿದರು, ಗಮನಿಸಿ.

ಹೊನ್ನಾಳಿ ಹೊಲ
ಮೇಷ್ಟ್ರೇ, ಮಾರನೇ ದಿನದ ಕಲಾಪವನ್ನೂ ಆ ಹುಡುಗಿಗೆ ತೋರಿಸಿ. ನವೆಂಬರ್ 30ಕ್ಕೆ ಲೋಕಸಭೆಯಲ್ಲಿ ಒಂದು ಪ್ರಶ್ನೆ ಇತ್ತು. ಧರಣಿಯಲ್ಲಿ ಸತ್ತ ರೈತರ ಲೆಕ್ಕ ಇದೆಯಾ, ಅವರ ಮನೆಯವರಿಗೆ ನೆರವು ಕೊಡುತ್ತೀರಾ ಅಂತ. ಕೃಷಿ ಸಚಿವಾಲಯದ ಲಿಖಿತ ಉತ್ತರ: ಈ ಬಗ್ಗೆ ದಾಖಲೆ ಇಲ್ಲ, ಆದ್ದರಿಂದ ಆ ಪ್ರಶ್ನೆಯೇ ಬರುವುದಿಲ್ಲ. ಹಿಂದಿನ ದಿನ ಒಂದು ಗಂಟೆ ಚರ್ಚೆ ಆಗಿದ್ದರೆ, ಒಬ್ಬರಾದರೂ ಎದ್ದು ನಿಂತು ಆ ಸತ್ತವರ ಊರು, ಹೆಸರು ಓದುತ್ತಿದ್ದರು. ಸದನದ ದಾಖಲೆಗೆ ಅದು ಹೋಗುತ್ತಿತ್ತು. ನನಗೆ ನಿಯಮ ಗೊತ್ತಿಲ್ಲ. ಇದು ಗೊತ್ತು.

ಸಹ್ಯಾದ್ರಿ ಕಣಿವೆ
ಸತ್ತವರ ಬಗ್ಗೆ ನಮಗೂ ದುಃಖ ಇದೆ. ಆದರೆ ಹೆಸರು ಓದಬೇಕಿದ್ದವರು ಆ ದಿನ ಘೋಷಣೆ ಕೂಗುತ್ತಿದ್ದರು.

ಪಿಯು ಮೇಷ್ಟ್ರು
ಹೊನ್ನಾಳಿಯವರೇ, ಆ ಉತ್ತರವನ್ನು ನಾಳೆ ಕ್ಲಾಸಿನಲ್ಲಿ ಓದುತ್ತೇನೆ. ಜತೆಗೆ ನಿಯಮ 256 ಕೂಡ ಪೂರ್ತಿ ಓದುತ್ತೇನೆ.

ತುಂಗಾತೀರ
ಓದುವಾಗ "ಕೂಡಲೇ" ಯಾವ ಪದದ ಪಕ್ಕ ಇದೆ ಅಂತ ಮಕ್ಕಳಿಗೆ ತೋರಿಸಿ. ಹೆಸರಿಸಿದ ಮೇಲೆ ಕೂಡಲೇ.

ಕೋರ್ಟು ಕಟ್ಟೆ
ತೋರಿಸಿ. ಆಗಸ್ಟ್ 11ರ ತಪ್ಪಿಗೆ ಪ್ರಸ್ತಾವ ಬಂದದ್ದು ಯಾವ ತಾರೀಕಿಗೆ ಅಂತ ಪಕ್ಕದಲ್ಲೇ ಬರೆಯಿರಿ.