ತೆಂಗಿನ ನಾರು ಸೇರಿಸಿದ ಮೇಲೆ ಮಣ್ಣಿನ ಬ್ಲಾಕ್ ಬಲ ಇಳಿದಿದೆ, ಯಾಕೆ?

ಪ್ರಶ್ನೆ:
ಬ್ಲಾಕ್ ಅಳತೆ 230×190×100 ಮಿ.ಮೀ., ಕೈಯಿಂದ ಒತ್ತುವ ಪ್ರೆಸ್. ತೂಕದ ಲೆಕ್ಕದಲ್ಲಿ ಸಿಮೆಂಟ್ 7%, ನಾರು 2%, ನಾರಿನ ಉದ್ದ ಸುಮಾರು 10 ಸೆಂ.ಮೀ. 28 ದಿನ ಕಳೆದು ನೀರಲ್ಲಿ ನೆನೆಸಿ ಒಡೆದು ನೋಡಿದರೆ ನಾರಿಲ್ಲದ ಬ್ಲಾಕೇ ಗಟ್ಟಿ. ಅಚ್ಚಿನಿಂದ ತೆಗೆದ ಕೂಡಲೇ ಬದಿಯಲ್ಲಿ ಅಡ್ಡ ಬಿರುಕು ಬೇರೆ. ಸಿಮೆಂಟ್ ಹೆಚ್ಚಿಸಬೇಕೇ?

ಉತ್ತರ 1:
ಸಿಮೆಂಟ್ ಹಾಗೇ ಇರಲಿ. ನಾರು ಜಾಸ್ತಿಯಾಗಿದೆ, ಉದ್ದವೂ ಜಾಸ್ತಿ. ಈ ಅಳತೆಯ ಬ್ಲಾಕ್ ಒಣಗಿದಾಗ 8 ಕೆ.ಜಿ. ಆಸುಪಾಸು ತೂಗಬೇಕು. 2% ಎಂದರೆ ಒಂದೊಂದರಲ್ಲೂ 160 ಗ್ರಾಂ ನಾರು! ಅದು ಜಾಗ ಹಿಡಿದಷ್ಟೂ ಅಚ್ಚಿಗೆ ಮಣ್ಣು ಕಡಿಮೆ ಬೀಳುತ್ತದೆ, ಸಾಂದ್ರತೆ ಇಳಿದರೆ ಬಲವೂ ಇಳಿಯುತ್ತದೆ. ಒತ್ತಡ ಬಿಟ್ಟ ಕ್ಷಣ ನಾರು ಸ್ಪ್ರಿಂಗಿನಂತೆ ಮೇಲೇಳುತ್ತದೆ, ನಿಮ್ಮ ಅಡ್ಡ ಬಿರುಕು ಅದರದ್ದೇ.

0.5%ಗೆ, ಅಂದರೆ 40 ಗ್ರಾಂಗೆ ಇಳಿಸಿ. 3–4 ಸೆಂ.ಮೀ. ತುಂಡು ಮಾಡಿ. ಜರಡಿ ಹಿಡಿದ ಮಣ್ಣಿಗೆ ಮೊದಲು ಸಿಮೆಂಟ್ ಕಲಸಿ, ಆಮೇಲೆ ನಾರನ್ನು ಬೆರಳಲ್ಲಿ ಬಿಡಿಸಿ ಉದುರಿಸುತ್ತಾ ಕಲಸಿ, ಕೊನೆಗೆ ನೀರು ಚಿಮುಕಿಸಿ. ನೀರು ಮೊದಲೇ ಬಿದ್ದರೆ ನಾರು ಉಂಡೆಗಟ್ಟುತ್ತದೆ. ಉಂಡೆ ಇದ್ದಲ್ಲೇ ಬ್ಲಾಕ್ ಒಡೆಯುವುದು. ಪ್ರತಿ ಬಾರಿ ಅಚ್ಚಿಗೆ ಹಾಕುವ ಮಿಶ್ರಣವನ್ನು ತಕ್ಕಡಿಯಲ್ಲಿ ತೂಗಿಯೇ ಹಾಕಿ, ಬುಟ್ಟಿ ಲೆಕ್ಕ ಬೇಡ.

ಉತ್ತರ 2:
ನೀರಿನ ವಿಷಯ ಇನ್ನೊಂದಿದೆ. ಒಣ ನಾರು ಸಿಮೆಂಟಿಗೆ ಬೇಕಾದ ನೀರನ್ನು ತಾನೇ ಕುಡಿದು ಉಬ್ಬುತ್ತದೆ. ಬ್ಲಾಕ್ ಒಣಗುವಾಗ ನಾರೂ ಕುಗ್ಗಿ ಸುತ್ತ ಸಣ್ಣ ಸಂದು ಉಳಿಯುತ್ತದೆ, ಹಿಡಿತ ಹೋಗುತ್ತದೆ. ಹಿಂದಿನ ದಿನವೇ ನೆನೆಸಿ, ಹಿಂಡಿ, ಮೇಲಿನ ಪಸೆ ಆರಿದ ಮೇಲೆ ಬಳಸಿ. ನೆನೆಸಿದರೆ ನಾರಿನ ಬಣ್ಣ, ಧೂಳೂ ಬಿಡುತ್ತದೆ. 40 ಗ್ರಾಂ ಅನ್ನುವುದು ಒಣ ತೂಕ, ನೆನೆಸುವ ಮುನ್ನ ತೂಗಿ.

ಪ್ರಶ್ನೆ ಕೇಳಿದವರು:
ಹಾಗಾದರೆ ನಾರು ಯಾಕೆ ಬೇಕು?

ಉತ್ತರ 1:
ಒತ್ತುವ ಭಾರಕ್ಕೆ ಅದರಿಂದ ದೊಡ್ಡ ಲಾಭ ನಿರೀಕ್ಷಿಸಬೇಡಿ. ಒಣಗುವಾಗ ಬರುವ ಬಿರುಕು ಕಡಿಮೆಯಾಗುತ್ತದೆ, ಸಾಗಿಸುವಾಗ ಮೂಲೆ ಉದುರುವುದಿಲ್ಲ, ಬಿರುಕು ಬಿಟ್ಟ ಮೇಲೂ ತುಂಡುಗಳು ಕೂಡಿಕೊಂಡೇ ಇರುತ್ತವೆ. ಎರಡು ಸರಳುಗಳ ಮೇಲೆ ಬ್ಲಾಕ್ ಇಟ್ಟು ನಡುವೆ ಭಾರ ಹೇರಿ ನೋಡಿ: ನಾರಿಲ್ಲದ್ದು ಟಕ್ ಎಂದು ಎರಡಾಗುತ್ತದೆ, ನಾರಿನದ್ದು ಬಾಗಿ ಹಿಡಿದುಕೊಳ್ಳುತ್ತದೆ.

ಉತ್ತರ 3:
ಬಾಳಿಕೆಯನ್ನೂ ಯೋಚಿಸಿ. ಸಿಮೆಂಟಿನ ಕ್ಷಾರ ನಾರನ್ನು ನಿಧಾನವಾಗಿ ತಿನ್ನುತ್ತದೆ. ಲಿಗ್ನಿನ್ (ಸಸ್ಯದ ನಾರನ್ನು ಗಟ್ಟಿಗೊಳಿಸುವ ವಸ್ತು) ಹೆಚ್ಚಿರುವ ತೆಂಗಿನ ನಾರು ಸೆಣಬಿಗಿಂತ ಚೆನ್ನಾಗಿ ತಡೆಯುತ್ತದೆ. ಆದರೂ ಸದಾ ತೇವ ಏರುವ, ಗೋಡೆಯ ತಳದ ವರಸೆಗಳಿಗೆ ನಾರಿನ ಬ್ಲಾಕ್ ಹಾಕಬೇಡಿ.