ಇಟಲಿಯ ಸಾಸ್, ಬಿಸ್ಕತ್ತು: ಲೇಬಲ್ ಕೊರತೆಗೆ ಬಂದರಿನಲ್ಲಿ ಸ್ಟಿಕ್ಕರ್ ಅಂಟಿಸಿದರೆ ಸಾಕೇ?

ಪ್ರಶ್ನೆ: ಆಮದು_ಬೆಂಗಳೂರು
ಇಟಲಿಯಿಂದ ಪಾಸ್ತಾ ಸಾಸ್, ಬಿಸ್ಕತ್ತು ಚೆನ್ನೈ ಬಂದರಿಗೆ ತರಿಸಬೇಕಿದೆ. ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ಇದೆ. ಲೇಬಲ್‌ನಲ್ಲಿ 'ಬೆಸ್ಟ್ ಬಿಫೋರ್' ಮತ್ತು ಲಾಟ್ ನಂಬರ್ ಇವೆ, ತಯಾರಾದ ದಿನಾಂಕ ಇಲ್ಲ. ಹಸಿರು ಚುಕ್ಕೆಯೂ ಇಲ್ಲ. ಎಲ್ಲವನ್ನೂ ಸ್ಟಿಕ್ಕರ್‌ನಲ್ಲಿ ಹಾಕಿಸಬಹುದೇ? ಬಿಸ್ಕತ್ತಿನ ಬಾಳಿಕೆ 9 ತಿಂಗಳು. ಹಡಗಿನಲ್ಲೇ ಒಂದೂವರೆ ತಿಂಗಳು ಹೋಗುತ್ತದೆ.

ಉತ್ತರ: ಬಂದರು_ಕೆಲಸ
ಚುಕ್ಕೆಗೆ ಆಗುತ್ತದೆ, ದಿನಾಂಕಕ್ಕೆ ಆಗುವುದಿಲ್ಲ. ಆಮದುದಾರರ ಹೆಸರು-ವಿಳಾಸ, ಎಫ್‌ಎಸ್‌ಎಸ್‌ಎಐ ಲೋಗೊ ಮತ್ತು 14 ಅಂಕಿಯ ಲೈಸೆನ್ಸ್ ಸಂಖ್ಯೆ, ಸಸ್ಯಾಹಾರ-ಮಾಂಸಾಹಾರದ ಗುರುತು: ಇವನ್ನು ಕಸ್ಟಮ್ಸ್ ಸುಪರ್ದಿಯ ಗೋದಾಮಿನಲ್ಲಿ, ಕಿತ್ತು ಬಾರದ ಒಂದೇ ಸ್ಟಿಕ್ಕರ್‌ನಲ್ಲಿ ಅಂಟಿಸಲು 2017ರ ಆಮದು ನಿಯಮಗಳು ಬಿಡುತ್ತವೆ. ಮೂಲ ಲೇಬಲ್‌ನ ಒಂದಕ್ಷರವನ್ನೂ ಅದು ಮುಚ್ಚಬಾರದು.

ತಯಾರಿಕೆಯ ದಿನಾಂಕ, ಬ್ಯಾಚ್, ಪದಾರ್ಥಗಳ ಪಟ್ಟಿ ಕಾರ್ಖಾನೆಯಿಂದಲೇ ಬರಬೇಕು. ಯುರೋಪಿನ ಸರಕು ಹೆಚ್ಚಾಗಿ ಎಡವುವುದು ಇಲ್ಲೇ: ಅಲ್ಲಿನ ಕಾನೂನು 'ಬೆಸ್ಟ್ ಬಿಫೋರ್' ಇದ್ದರೆ ಸಾಕು ಎನ್ನುತ್ತದೆ, ನಮ್ಮದು ತಯಾರಿಕೆಯ ದಿನಾಂಕ ಮತ್ತು 'ಎಕ್ಸ್‌ಪೈರಿ/ಯೂಸ್ ಬೈ' ದಿನಾಂಕ ಎರಡೂ ಬೇಕೆನ್ನುತ್ತದೆ, 'ಬೆಸ್ಟ್ ಬಿಫೋರ್' ಐಚ್ಛಿಕ. ಆರ್ಡರ್ ಕೊಡುವಾಗಲೇ ಈ ಷರತ್ತನ್ನು ಬರವಣಿಗೆಯಲ್ಲಿ ಹಾಕಿ. ಕಂಟೇನರ್ ಹೊರಟ ಮೇಲೆ ದಾರಿಯಿಲ್ಲ.

ಬಾಳಿಕೆಯ ಲೆಕ್ಕ: ಆಮದಿನ ಹೊತ್ತಿಗೆ ಶೇ 60 ಅಥವಾ 3 ತಿಂಗಳು, ಯಾವುದು ಕಡಿಮೆಯೋ ಅಷ್ಟು ಉಳಿದಿರಬೇಕು. 9 ತಿಂಗಳಲ್ಲಿ ಶೇ 60 ಅಂದರೆ 5.4 ತಿಂಗಳು, ಹಾಗಾಗಿ ನಿಮಗೆ 3 ತಿಂಗಳು ಸಾಕು. 100 ದಿನದ ಚೀಸ್ ಆಗಿದ್ದರೆ 60 ದಿನ ಬೇಕಿತ್ತು. ಅದಕ್ಕೆ ಹಡಗು ನಂಬುವಂತಿಲ್ಲ.

ಉತ್ತರ: ಲೇಬಲ್_ಓದುಗ
ಎರಡಕ್ಕೂ ಹಸಿರು ಚುಕ್ಕೆ ಅಂತ ತೀರ್ಮಾನಿಸುವ ಮೊದಲು ಪದಾರ್ಥಗಳನ್ನು ಓದಿ. ಬಿಸ್ಕತ್ತಿನಲ್ಲಿ ಮೊಟ್ಟೆ ಅಥವಾ ಸಾಸ್‌ನಲ್ಲಿ ಆಂಚೊವಿ ಮೀನು ಇದ್ದರೆ ಮಾಂಸಾಹಾರದ ಗುರುತಾದ ಚೌಕದೊಳಗಿನ ಕಂದು ತ್ರಿಕೋನ ಬೇಕು. ಇದು ಬರೀ ಕಾಗದದ ತಪ್ಪಲ್ಲ, ಮೊಟ್ಟೆ ಮುಟ್ಟದವರ ನಂಬಿಕೆಯ ವಿಷಯ.

ಲೇಬಲ್ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು. ಜೊತೆಗೆ ಇಟಾಲಿಯನ್ ಇದ್ದರೆ ಅಡ್ಡಿಯಿಲ್ಲ. ಅವರ ಪೋಷಕಾಂಶ ಪಟ್ಟಿಯಲ್ಲಿ 'ಉಪ್ಪು' ಗ್ರಾಂನಲ್ಲಿರುತ್ತದೆ, ನಮಗೆ ಸೋಡಿಯಂ ಮಿಲಿಗ್ರಾಂನಲ್ಲಿ ಬೇಕು. ಉಪ್ಪನ್ನು 2.5ರಿಂದ ಭಾಗಿಸಿ: 1.25 ಗ್ರಾಂ ಉಪ್ಪು ಅಂದರೆ 500 ಮಿ.ಗ್ರಾಂ ಸೋಡಿಯಂ. ಸೇರಿಸಿದ ಸಕ್ಕರೆ, ಟ್ರಾನ್ಸ್ ಕೊಬ್ಬನ್ನೂ ಕೇಳಿ ಪಡೆದು ಅದೇ ಮುದ್ರಣದಲ್ಲಿ ಹಾಕಿಸಿ. ಗೋಧಿ, ಹಾಲು, ಮೊಟ್ಟೆ, ಮೀನು, ಸೋಯಾ, ಕಡಲೆಕಾಯಿಯಂಥ ಅಲರ್ಜಿಕಾರಕಗಳಿಗೆ ಪ್ರತ್ಯೇಕ ಸಾಲು ಬೇಕು.

ಆಮದು_ಬೆಂಗಳೂರು
ಬಿಸ್ಕತ್ತಿನಲ್ಲಿ ಮೊಟ್ಟೆ ಇದೆ, ಈಗ ನೋಡಿದೆ. ಲ್ಯಾಬ್ ವರದಿ ನಮ್ಮ ವಿರುದ್ಧ ಬಂದರೆ ಏನು ದಾರಿ?

ಉತ್ತರ: ಬಂದರು_ಕೆಲಸ
ಮೊದಲು ಎಫ್‌ಎಸ್‌ಎಸ್‌ಎಐ ಅಧಿಕಾರಿ ದಾಖಲೆ, ಸರಕು, ಲೇಬಲ್ ನೋಡುತ್ತಾರೆ. ಅದು ದಾಟಿದರೆ ಸ್ಯಾಂಪಲ್ ಎರಡು ಭಾಗವಾಗುತ್ತದೆ: ಒಂದು ಲ್ಯಾಬ್‌ಗೆ, ಇನ್ನೊಂದು ಸೀಲ್ ಆಗಿ ಅವರ ಬಳಿ. ವರದಿ ಒಪ್ಪಿಗೆಯಾಗದಿದ್ದರೆ ಗಡುವಿನೊಳಗೆ ಶುಲ್ಕ ಕಟ್ಟಿ, ಎರಡನೆಯ ಭಾಗವನ್ನು ರೆಫರಲ್ ಲ್ಯಾಬ್‌ಗೆ (ಮರುಪರೀಕ್ಷೆ ಮಾಡುವ ಲ್ಯಾಬ್) ಕಳಿಸಲು ಅರ್ಜಿ ಹಾಕಿ. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಅಂಥದ್ದೊಂದು. ಆದರೆ ಈ ಅರ್ಜಿ ಲ್ಯಾಬ್ ಫಲಿತಾಂಶಕ್ಕೆ ಮಾತ್ರ. ಅಚ್ಚಾಗದ ದಿನಾಂಕವನ್ನು ಯಾವ ಮರುಪರೀಕ್ಷೆಯೂ ತರದು. ಮುದ್ರಣಕ್ಕೆ ಹೋಗುವ ಮುನ್ನ ಲೇಬಲ್‌ನ ಪಿಡಿಎಫ್ ತರಿಸಿಕೊಂಡು ನಿಮ್ಮ ಕಸ್ಟಮ್ಸ್ ಬ್ರೋಕರ್‌ಗೆ ತೋರಿಸಿ.